ಇಂಬಳದ ಸಾಕ್ಸ್ ನಂಬಿ ಹಿಮಕ್ಕೆ ಇಳಿಯಬೇಡಿ

ಮಾರ್ಚ್ ಕೊನೆಗೆ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿದ್ದೀರಿ. "ಶೂ ವಾಟರ್‌ಪ್ರೂಫ್, ಕುದುರೆಮುಖಕ್ಕೆ ಹಾಕಿದ ಇಂಬಳದ ಸಾಕ್ಸ್ ಇದೆ, ಗೇಟರ್ ದಂಡ" ಅಂತ ಬರೆದಿದ್ದೀರಿ. ಇಂಬಳದ ಸಾಕ್ಸ್ ಅಂದರೆ ಜಿಗಣೆ ಹತ್ತದ ಹಾಗೆ ಕಾಲಿಗೆ ಹಾಕುವ ಬಟ್ಟೆಯ ಚೀಲ; ಗೇಟರ್ ಅಂದರೆ ಶೂ ಬಾಯಿಗೆ ಹಿಮ ಹೋಗದ ಹಾಗೆ ಕಾಲಿಗೆ ಸುತ್ತುವ ಹೊದಿಕೆ. ಓದಿ ಸುಮ್ನೆ ಇರೋಕೆ ಆಗಲಿಲ್ಲ. ಇದೇ ಮಾತನ್ನು ಇಷ್ಟೇ ಧೈರ್ಯವಾಗಿ ನಾನೂ ಹೇಳಿದ್ದೆ. ಊರಿಗೆ ಬಂದ ಮೇಲೆ ಎರಡು ತಿಂಗಳು ಬಲಗಾಲಿನ ಎರಡು ಬೆರಳು ಜೋಮು ಹಿಡಿದ ಹಾಗೇ ಇದ್ದವು.

ಜನವರಿಯ ಹಿಮ ಅಕ್ಕಿಹಿಟ್ಟಿನ ಹಾಗೆ. ಕೊಡವಿದರೆ ಉದುರುತ್ತದೆ. ಮಾರ್ಚ್ ಕೊನೆಯದು ಬೆಳಗಿನ ಜಾವ ಕಲ್ಲು, ಬಿಸಿಲು ಏರಿದ ಮೇಲೆ ನೆನೆಸಿದ ಅವಲಕ್ಕಿ. ನಾವು ತಡವಾಗಿ ಹೊರಟು, ತುದಿ ಮುಟ್ಟಿ ಇಳಿಯುವಾಗ ಹನ್ನೊಂದು ದಾಟಿತ್ತು. ಹೆಜ್ಜೆ ಹೆಜ್ಜೆಗೂ ಕಾಲು ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಎಳೆದಾಗಲೆಲ್ಲ ಶೂ ಬಾಯಿಗೆ ಒಂದು ಹಿಡಿ ಹಿಮ. ಇಂಬಳದ ಸಾಕ್ಸ್ ಅಂದರೆ ಬಟ್ಟೆ ಅಲ್ವಾ? ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆದುಕೊಂಡಿತು. ಶೂ ವಾಟರ್‌ಪ್ರೂಫ್ ಆಗಿದ್ದಕ್ಕೇ ಒಳಗೆ ಹೋದ ನೀರು ಒಳಗೇ ಉಳಿಯಿತು. ಕ್ಯಾಂಪಿನಲ್ಲಿ ಶೂ ಬಗ್ಗಿಸಿದರೆ ಅರ್ಧ ಲೋಟ ನೀರು ಸುರಿಯಿತು. ಪಾದ ಬೆಳ್ಳಗೆ ಸುಕ್ಕುಗಟ್ಟಿ, ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗಿತ್ತು.

ಮೈನಸ್ ಹತ್ತು ಅಂದರೆ ಎಲ್ಲರೂ ಹೆದರುತ್ತಾರೆ. ನಾನು ಜಾಸ್ತಿ ಹೆದರುವುದು ಸೊನ್ನೆಯ ಆಸುಪಾಸಿನ ಒದ್ದೆ ಚಳಿಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಹಿಮಗಡಿತಕ್ಕೆ, ಅಂದರೆ ಮೈ ಹೆಪ್ಪುಗಟ್ಟಿ ಕೆಡುವುದಕ್ಕೆ, ಸೊನ್ನೆಗಿಂತ ಕೆಳಗಿನ ಚಳಿ ಬೇಕು. ಒದ್ದೆ ಪಾದ ಕೆಡುವುದಕ್ಕೆ ಅಷ್ಟೆಲ್ಲ ಬೇಡ.

ಹಾಗಾಗಿ ಗೇಟರ್ ತಗೊಳ್ಳಲೇಬೇಕು. ಡೆಕಾಥ್ಲಾನ್‌ನ ಸಾದಾ ಗೇಟರ್ ಸಾಕು, ಮೊಣಕಾಲ ಕೆಳಗಿನವರೆಗೆ ಬರುವಂಥದ್ದು, ಅಡಿಗೆ ಪಟ್ಟಿ ಇರುವಂಥದ್ದು. ಗಿಡ್ಡದ್ದು ಬೇಡ. ಗೋರ್‌ಟೆಕ್ಸ್ ಶೂಗೆ ಸಾವಿರಗಟ್ಟಲೆ ಸುರಿದು ಗೇಟರ್‌ಗೆ ಚೌಕಾಸಿ ಮಾಡುವವರನ್ನು ಕಂಡರೆ ನಿಜಕ್ಕೂ ಸಿಟ್ಟು ಬರುತ್ತದೆ. ಮಳೆ ಪ್ಯಾಂಟ್ ಇದ್ದರೆ ಅದನ್ನು ಗೇಟರ್‌ನ ಹೊರಗೆ ಬಿಡಿ. ಒಳಗೆ ತುರುಕಿದರೆ ಇಳಿದ ನೀರೆಲ್ಲ ಶೂಗೇ.

ಇಷ್ಟಾದರೂ ಎರಡನೇ ದಿನ ಶೂ ಒದ್ದೆಯಾಗುತ್ತದೆ. ಅದಕ್ಕೆ ನನ್ನ ಉಪಾಯ ಬ್ರೆಡ್ ಕವರ್. ಮೊದಲು ಒಣಗಿದ ಉಣ್ಣೆ ಸಾಕ್ಸ್, ಅದರ ಮೇಲೆ ಬ್ರೆಡ್ ಕವರ್, ಆಮೇಲೆ ಒದ್ದೆ ಶೂ. ಐದೇ ನಿಮಿಷದಲ್ಲಿ ಕಾಲು ಬೆಚ್ಚಗಾಗುತ್ತದೆ. ತರಕಾರಿ ಕವರ್ ಬೇಡ, ಹಿಮ್ಮಡಿಯಲ್ಲಿ ಹರಿಯುತ್ತದೆ. ಕವರ್ ಒಳಗೆ ಬೆವರು ನಿಲ್ಲುತ್ತದೆ, ಆದ್ದರಿಂದ ಎರಡು ಗಂಟೆಗೊಮ್ಮೆ ಬಿಚ್ಚಿ ನೋಡಿ. ಹಿಮ್ಮಡಿ ಜಾರುತ್ತದೆ, ಲೇಸ್ ಕಣಕಾಲಿನ ಹತ್ತಿರ ಗಟ್ಟಿ ಕಟ್ಟಿ, ಬೆರಳಿನ ಕಡೆ ಸಡಿಲ ಬಿಡಿ. ಬೆರಳು ಆಡದಷ್ಟು ಬಿಗಿ ಇದ್ದರೆ ರಕ್ತವೇ ಹೋಗುವುದಿಲ್ಲ, ಆಗ ಯಾವ ಸಾಕ್ಸೂ ಕೆಲಸಕ್ಕೆ ಬರಲ್ಲ. ಶೂ ಒಂದು ಸೈಜ್ ದೊಡ್ಡದಿದ್ದರೇ ಒಳ್ಳೆಯದು. ಇನ್ನೊಂದು ಜೊತೆ ಸಾಕ್ಸ್ ಮಲಗುವುದಕ್ಕೆ ಮಾತ್ರ. ಎಷ್ಟೇ ಆಸೆಯಾದರೂ ಅದನ್ನು ಹಾಕಿಕೊಂಡು ನಡೆಯಬೇಡಿ.

ಶೂ ಒಣಗಿಸುವಾಗ ನಮ್ಮ ಕಡೆಯವರದ್ದು ಒಂದೇ ತಪ್ಪು. ಮಳೆಗಾಲದಲ್ಲಿ ಬಚ್ಚಲ ಒಲೆ ಹತ್ತಿರ ಇಟ್ಟು ಅಭ್ಯಾಸ. ಕ್ಯಾಂಪಿನ ಬೆಂಕಿಗೂ ಹಾಗೇ ಇಡುತ್ತಾರೆ. ಅಂಟು ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ. ಇನ್‌ಸೋಲ್ ತೆಗೆದು, ಪೇಪರ್ ತುರುಕಿ, ರಾತ್ರಿ ಕವರ್‌ನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗ್ ಕಾಲಬುಡಕ್ಕೆ ಇಟ್ಟುಕೊಳ್ಳಿ. ಜೋಮು ಹಿಡಿದ ಕಾಲನ್ನೂ ಬೆಂಕಿಗೆ ಹಿಡಿಯಬೇಡಿ, ಸುಟ್ಟರೂ ಗೊತ್ತಾಗಲ್ಲ. ಉಜ್ಜಲೂ ಬೇಡಿ. ಒರೆಸಿ, ಜೊತೆಯವರ ಹೊಟ್ಟೆಗೆ ತಾಗಿಸಿ. ಸಂಕೋಚದ ಹೊತ್ತಲ್ಲ ಅದು.

ಕೈಗೆ? ತೋಟದಲ್ಲಿ ಬೋರ್ಡೋ ಔಷಧಿ ಹೊಡೆಯುವಾಗ ಹಾಕುವ ರಬ್ಬರ್ ಗ್ಲೌಸ್ ಹೊಸದೊಂದು ತಗೊಂಡು ಉಣ್ಣೆ ಗ್ಲೌಸ್ ಮೇಲೆ ಹಾಕಿ. ಒದ್ದೆ ಹಿಮಕ್ಕೆ ಅದು ಸಾಕು. ಡೌನ್ ಜಾಕೆಟ್ ನೆನೆದರೆ ಒಳಗಿನ ಪುಕ್ಕ ಮುದ್ದೆಯಾಗಿ ಬೆಚ್ಚಗಿಡುವುದಿಲ್ಲ, ಅದು ಕ್ಯಾಂಪಿಗೆ. ನಡೆಯುವಾಗ ಫ್ಲೀಸ್, ಮೇಲೆ ಮಳೆ ಜಾಕೆಟ್. ಹತ್ತಿ ಬನಿಯನ್ ಸಹ ಬೇಡ.

ಶೂ ಅಡಿಗೆ ಹಾಕುವ ಮುಳ್ಳಿನ ಸರಪಳಿ, ಅಂದರೆ ಮೈಕ್ರೋಸ್ಪೈಕ್, ಬೆಳಗಿನ ಗಟ್ಟಿ ಹಿಮಕ್ಕೆ. ಮೆತ್ತಗಾದ ಮೇಲೆ, ಮಳೆಗಾಲದ ತೋಟದ ಮಣ್ಣು ಗಂಬೂಟಿಗೆ ಮೆತ್ತುವ ಹಾಗೆ, ಅಡಿಯಲ್ಲಿ ಉಂಡೆ ಕಟ್ಟಿ ಜಾರಿಸುತ್ತದೆ. ಕೋಲಿನಿಂದ ತಟ್ಟುತ್ತಾ ಬನ್ನಿ, ಇಲ್ಲವೇ ಬಿಚ್ಚಿ. ಮರದ ಬುಡ, ಬಂಡೆಯ ಅಂಚು ಬಿಟ್ಟು ನಡೆಯಿರಿ. ಅಲ್ಲಿ ಹಿಮದ ಕೆಳಗೆ ಪೊಳ್ಳು ಇರುತ್ತದೆ. ತೊರೆಯ ಮೇಲಿನ ಹಿಮವನ್ನು ಮಧ್ಯಾಹ್ನ ನಂಬಲೇಬೇಡಿ.

ಎಲ್ಲಕ್ಕಿಂತ ಮುಖ್ಯ ಹೊತ್ತು. ಬೆಳಗಿನ ಜಾವ ಮೂರಕ್ಕೆ ಹೊರಡಿ, ಹತ್ತರ ಒಳಗೆ ಇಳಿಜಾರು ದಾಟಿ. ಗೈಡ್ ತಡ ಮಾಡಿದರೆ ಕೇಳಿ, ಜಗಳ ಆದರೂ ಸರಿ. "ಮುಳ್ಳಯ್ಯನಗಿರಿ ಹತ್ತಿದ್ದೀನಿ" ಅನ್ನುತ್ತೀರಿ. ಮುಳ್ಳಯ್ಯನಗಿರಿ ತುದಿ 1,930 ಮೀಟರ್. ಕೇದಾರಕಂಠಕ್ಕೆ ಹೊರಡುವ ಸಾಂಕ್ರಿ ಹಳ್ಳಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ, ತುದಿ 3,810. 2024ರ ಜೂನ್‌ನಲ್ಲಿ ಅದೇ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡದ 9 ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಜೂನ್ ತಿಂಗಳಲ್ಲಿ!

ಈ ಭಾನುವಾರ ಬ್ರೆಡ್ ಕವರ್ ಹಾಕಿಕೊಂಡು, ಶೂ ಪೂರ್ತಿ ನೆನೆಸಿ, ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ ಇಳಿಯಿರಿ. ಎಲ್ಲಿ ಉಜ್ಜುತ್ತದೆ ಅಂತ ಇಲ್ಲೇ ಗೊತ್ತಾಗಲಿ. ನನ್ನ ಗೇಟರ್ ಮನೆಯಲ್ಲೇ ಇದೆ, ಒಂದು ಜಿಪ್ ಸ್ವಲ್ಪ ಬಿಗಿ, ಮೇಣ ಹಚ್ಚಬೇಕು. ಚಿಕ್ಕಮಗಳೂರಿನಲ್ಲಿ ಇದ್ದರೆ ಬಂದು ತಗೊಂಡು ಹೋಗಿ.