ಎರಡನೇ ಪ್ರಮಾಣಕ್ಕೆ ಮುಂಚೆ

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡ್ ಮೇಲೆ ಹಾಸನದಿಂದ ನ್ಯೂಜೆರ್ಸಿಗೆ ಬಂದು ಒಂದೂವರೆ ವರ್ಷ. ಆರ್ಮಿಗೆ ಸಹಿ ಹಾಕಿ ಎರಡು ತಿಂಗಳು. ಬೇಸಿಕ್ ಟ್ರೇನಿಂಗಿಗೆ ಹೊರಡೋಕೆ ಇನ್ನು ಒಂಬತ್ತು ವಾರ. ಈಗ ಏರ್ ಫೋರ್ಸ್ ಸೇರಿ ಸೈಬರ್ ಕೆಲಸ ಮಾಡಬೇಕು ಅನ್ನಿಸಿದೆ. ಪರಿಚಯದವರೊಬ್ಬರು, ಈಗ ಬಿಟ್ಟರೆ ವಾರಂಟ್ ಬರುತ್ತೆ, ಗ್ರೀನ್ ಕಾರ್ಡೂ ಹೋಗುತ್ತೆ ಅಂದಿದ್ದಾರೆ, ಮನೆಯಲ್ಲಿ ಅಮ್ಮ ಅಳುತ್ತಿದ್ದಾರೆ.

ಮೊದಲು ಅಮ್ಮನಿಗೆ ಇದನ್ನು ಓದಿ ಹೇಳು: ವಾರಂಟೂ ಇಲ್ಲ, ಜೈಲೂ ಇಲ್ಲ. ಟ್ರೇನಿಂಗಿಗೆ ಹೋಗುವ ಮುಂಚೆ ಬಿಟ್ಟ ಮಾತ್ರಕ್ಕೆ ಗ್ರೀನ್ ಕಾರ್ಡ್ ಹೋಗುವುದಿಲ್ಲ.

ನೀನೀಗ ಇರುವುದು ಡಿಲೇಡ್ ಎಂಟ್ರಿ ಪ್ರೋಗ್ರಾಂನಲ್ಲಿ. ಬಾಯಿಮಾತಲ್ಲಿ ಎಲ್ಲರೂ ಡೆಪ್ ಅನ್ನುತ್ತಾರೆ. ಸೇರುವವರನ್ನು ಪರೀಕ್ಷಿಸಿ ಸಹಿ ಹಾಕಿಸುವ ಕೇಂದ್ರ ಮೆಪ್ಸ್‌ನಲ್ಲಿ ಧ್ವಜದ ಮುಂದೆ ನಿಂತು ಬಲಗೈ ಎತ್ತಿದೆಯಲ್ಲ, ಅದು ಮೊದಲನೇ ಪ್ರಮಾಣ. ಅದರಿಂದ ಕಾಗದದ ಮೇಲೆ ನೀನು ಮೀಸಲು ಪಡೆಯವನು, ಅಷ್ಟೇ. ಸಂಬಳವಿಲ್ಲ, ಡ್ಯೂಟಿಯಿಲ್ಲ. ಹೊರಡುವ ದಿನ ಮತ್ತೆ ಅಲ್ಲಿಗೇ ಕರೆಸಿ ಎರಡನೇ ಸಲ ಪ್ರಮಾಣ ಮಾಡಿಸುತ್ತಾರೆ, ಸೇರ್ಪಡೆಯ ಕರಾರಾದ ಡಿಡಿ ಫಾರ್ಮ್ 4ರ ಉಳಿದ ಭಾಗಕ್ಕೆ ಸಹಿ ಹಾಕಿಸುತ್ತಾರೆ. ಆ ಕ್ಷಣದಿಂದ ನೀನು ಸೈನಿಕ, ಬಿಟ್ಟುಬರುವ ದಾರಿಯೇ ಬೇರೆ. ಅಲ್ಲಿಯವರೆಗೆ ಬರೆದು ಕೇಳಿಕೊಂಡರೆ ಬಿಡುಗಡೆ ಕೊಡುವುದೇ ರೂಢಿ. ಆದರೆ ನಿನ್ನ ಕಾಗದದಲ್ಲಿ ನ್ಯಾಷನಲ್ ಗಾರ್ಡ್ ಅಥವಾ ಆರ್ಮಿ ರಿಸರ್ವ್ ಅಂತ ಇದೆಯಾ ನೋಡಿಕೋ. ಇದ್ದರೆ ನಾನು ಹೇಳುತ್ತಿರುವುದು ನಿನಗೆ ಹೊಂದುವುದಿಲ್ಲ. ಅವರಿಗೆ ಡೆಪ್ ಇಲ್ಲ, ಒಂದೇ ಪ್ರಮಾಣದಲ್ಲಿ ಸೇರಿಬಿಟ್ಟಿರುತ್ತಾರೆ. ಅಲ್ಲಿಂದ ಬೇರೆ ದಳಕ್ಕೆ ಹೋಗಲು ಘಟಕದವರೇ ಒಪ್ಪಿ ಬಿಟ್ಟುಕೊಡಬೇಕು.

ಇನ್ನು ನೀನು ಕೇಳದೇ ಇದ್ದದ್ದನ್ನು ಹೇಳುತ್ತೇನೆ. ನಿನ್ನ ವಿಷಯದಲ್ಲಿ ಅದೇ ಮುಖ್ಯ. ಏರ್ ಫೋರ್ಸ್‌ನ ಸೈಬರ್ ಕೆಲಸಗಳಿಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು, ಅಂದರೆ ಗುಟ್ಟಿನ ಮಾಹಿತಿ ನೋಡಲು ಸರ್ಕಾರದ ಅನುಮತಿ. ಅದು ಸಿಗುವುದು ಅಮೆರಿಕದ ನಾಗರಿಕರಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದವರು ಸಿಪಾಯಿಯಾಗಿ ಆರ್ಮಿ, ನೇವಿ, ಏರ್ ಫೋರ್ಸ್ ಸೇರಬಹುದು, ಆದರೆ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಆರ್ಮಿ ಆದರೂ ಅಷ್ಟೇ, ನೇವಿ ಆದರೂ ಅಷ್ಟೇ. ಈ ಒಂದೇ ಕಾರಣಕ್ಕೆ ದಳ ಬದಲಿಸಿದರೆ ಕೈಯಲ್ಲಿರುವ ತಾರೀಖು ಹೋಗುತ್ತದೆ, ಬೋನಸ್ ಬರೆದಿದ್ದರೆ ಅದೂ ಹೋಗುತ್ತದೆ, ಕೊನೆಗೆ ಅಲ್ಲೂ ಬೇರೆ ಕೆಲಸವನ್ನೇ ಒಪ್ಪಿಕೊಳ್ಳಬೇಕಾಗುತ್ತದೆ. ಮೊದಲು ಯಾವುದೋ ಒಂದು ಕಡೆ ಸೇರು, ಸೇವೆಯ ಆಧಾರದ ಮೇಲೆ ಪೌರತ್ವ ತೆಗೆದುಕೋ, ಆಮೇಲೆ ಆ ಕೆಲಸಕ್ಕೆ ಅರ್ಜಿ ಹಾಕು. ದೂರದ ದಾರಿ ಅನ್ನಿಸಬಹುದು, ನಿನಗೆ ಹತ್ತಿರದ್ದು ಅದೇ. ಸೇವೆಯಲ್ಲಿರುವವರಿಗೆ ಪೌರತ್ವದ ಎನ್-400 ಅರ್ಜಿಗೆ ಶುಲ್ಕವಿಲ್ಲ. ಐದು ವರ್ಷ ಕಾಯುವ ನಿಯಮವೂ 2001ರ ಸೆಪ್ಟೆಂಬರ್ 11ರ ನಂತರ ಸೇರಿದವರಿಗೆ ಅನ್ವಯಿಸುವುದಿಲ್ಲ.

ಕೆಲಸ ಮಾತ್ರ ಬೇರೆ ಬೇಕು, ಆರ್ಮಿ ಆದರೂ ಪರವಾಗಿಲ್ಲ ಅನ್ನುವುದಾದರೆ ನಿನ್ನನ್ನು ಸೇರಿಸಿಕೊಂಡ ರಿಕ್ರೂಟರನ್ನೇ ಕೇಳು. ಡೆಪ್‌ನಲ್ಲಿದ್ದಾಗಲೇ ಕೆಲಸವನ್ನೂ ಹೊರಡುವ ತಾರೀಖನ್ನೂ ಬದಲಿಸಿ ಕರಾರನ್ನು ಹೊಸದಾಗಿ ಬರೆಯಬಹುದು.

ದಳವನ್ನೇ ಬದಲಿಸಿದವಳು ನಾನು. ತೀರ್ಥಹಳ್ಳಿಯಿಂದ ಬಂದಾಗ ನನಗೆ ಹತ್ತೊಂಬತ್ತು. ಮೊದಲು ಸಹಿ ಹಾಕಿದ ಕಡೆ ಲ್ಯಾಬ್ ಕೆಲಸ ಕೊಡಿಸುತ್ತೇವೆ ಅಂದಿದ್ದರು. ಮೆಪ್ಸ್‌ನಲ್ಲಿ ನಸುಕಿಗೆ ಎಬ್ಬಿಸಿ, ದಿನವಿಡೀ ಸಾಲಿನಲ್ಲಿ ನಿಲ್ಲಿಸಿ, ಕುಕ್ಕರಗಾಲಲ್ಲಿ ನಡೆಸಿ, ಕಿವಿ ಕಣ್ಣು ರಕ್ತ ಎಲ್ಲ ನೋಡಿ, ಸಂಜೆ ಕಂಪ್ಯೂಟರ್ ಮುಂದೆ ಕೂರಿಸಿದರು. ತಲೆ ಓಡುತ್ತಿರಲಿಲ್ಲ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಮನೆಗೆ ಬಂದು ಮೂರನೇ ದಿನ ಕರಾರಿನ ಜೊತೆಗಿದ್ದ ಅನೆಕ್ಸ್ ಹಾಳೆ ತೆಗೆದು ಓದಿದರೆ ಅಲ್ಲಿ ಬರೆದಿದ್ದು ಟ್ರಕ್ ಓಡಿಸುವ ಕೆಲಸ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ, ಕರಾರಿನಲ್ಲಿ ಇಲ್ಲದ ಯಾವ ಭರವಸೆಯೂ ನಡೆಯುವುದಿಲ್ಲ ಅಂತ ಅದೇ ಡಿಡಿ 4ರಲ್ಲಿ ಅಚ್ಚಾಗಿದೆ. ಅದನ್ನೂ ಆಗಲೇ ಮೊದಲ ಸಲ ಓದಿದ್ದು.

ಬಿಡುತ್ತೇನೆ ಅಂದಾಗ ರಿಕ್ರೂಟರ್ ನನ್ನನ್ನೂ ಹೆದರಿಸಿದರು. ಮನೆಗೇ ಬಂದು ಅಪ್ಪನ ಮುಂದೆ ಕೂತು ಪೌರತ್ವವೇ ಸಿಗೋಲ್ಲ ಅಂದರು. ಅಪ್ಪ ಪಾಪ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ಹಾಗೆ ಬೆದರಿಸಲು ರಿಕ್ರೂಟರಿಗೆ ಅಧಿಕಾರವಿಲ್ಲ, ಅದು ಅವರ ನಿಯಮಕ್ಕೇ ವಿರುದ್ಧ ಅಂತ ನನಗೆ ಯಾರೂ ಹೇಳಿರಲಿಲ್ಲ. ಆ ಸಂಜೆ ಅಪ್ಪನ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ. ನಿನ್ನ ಪ್ರಶ್ನೆ ನೋಡಿದ ರಾತ್ರಿಯೇ ಬರೆಯಲು ಕೂತಿದ್ದು ಅದಕ್ಕೇ.

ನಾನು ಮಾಡಿದ್ದು ಇಷ್ಟು. ರಿಕ್ರೂಟಿಂಗ್ ವಿಭಾಗದ ಕಮಾಂಡರ್‌ಗೆ ನಾಲ್ಕು ಸಾಲಿನ ಪತ್ರ: ಹೆಸರು, ಸಹಿ ಹಾಕಿದ ದಿನ, ಮುಂದಿನ ಯೋಜನೆ ಬದಲಾಗಿದೆ, ದಯವಿಟ್ಟು ಡೆಪ್‌ನಿಂದ ಬಿಡುಗಡೆ ಮಾಡಿ. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ. ವಾರದೊಳಗೆ ಅವರು ಸಹಿ ಹಾಕಿ ತೆಗೆದುಕೊಂಡ ಹಸಿರು ರಸೀತಿ ಕಾರ್ಡ್ ವಾಪಸ್ ಬಂತು. ಮೂರು ವಾರಕ್ಕೆ ಬಿಡುಗಡೆ ಕಾಗದವೂ ಬಂತು. ಆ ಎರಡನ್ನೂ ಇವತ್ತಿಗೂ ಪಾಸ್‌ಪೋರ್ಟ್ ಜೊತೆ ಇಟ್ಟಿದ್ದೇನೆ.

ಪತ್ರದಲ್ಲಿ ಒಂದು ಮಾತು ಮಾತ್ರ ಸರ್ವಥಾ ಬರೆಯಬೇಡ: ನಾನು ಈ ದೇಶದ ಪ್ರಜೆಯಲ್ಲ, ಆದ್ದರಿಂದ ಬಿಡಿ ಅಂತ. ವಿದೇಶಿಯವನು ಎಂಬ ಕಾರಣ ಕೊಟ್ಟು ಸೈನ್ಯದಿಂದ ಬಿಡಿಸಿಕೊಂಡವರಿಗೆ ಜೀವಮಾನವಿಡೀ ಪೌರತ್ವ ಕೊಡಬಾರದು ಅಂತ ವಲಸೆ ಕಾಯ್ದೆಯ 315ನೇ ಸೆಕ್ಷನ್ ಹೇಳುತ್ತದೆ. ಎನ್-400ರಲ್ಲೂ ಅದರ ಬಗ್ಗೆ ಕೇಳುತ್ತಾರೆ. ಕ್ಲಿಯರೆನ್ಸ್ ಸಿಗದ್ದಕ್ಕೆ ಬಿಡುತ್ತಿದ್ದೇನೆ ಅಂತ ವಿವರಿಸಲು ಹೋಗಿ ಆ ಮಾತು ನುಸುಳೀತು, ಜೋಪಾನ. ಕಾರಣ ಉದ್ದ ಬೇಡ. ಹೊರಡುವ ದಿನ ಸುಮ್ಮನೆ ಹೋಗದೇ ಉಳಿದುಬಿಡುವುದೂ ಬೇಡ. ಮುಂದಿನ ದಳ ನಿನ್ನನ್ನು ಮೊದಲು ಕೇಳುವುದೇ ಹಳೆಯದು ಏನಾಯಿತು ಅಂತ. ಮುಚ್ಚಿಡಬೇಡ, ಕಾಗದ ತೋರಿಸು.

ಆಮೇಲಿನದು ಸಲೀಸು. ಒಂದು ದಳದ ಡೆಪ್‌ನಲ್ಲಿರುವವರನ್ನು ಇನ್ನೊಂದು ದಳ ತೆಗೆದುಕೊಳ್ಳುವಂತಿಲ್ಲ, ಬಿಡುಗಡೆ ಕೈಗೆ ಬಂದ ಮೇಲೆಯೇ ಏರ್ ಫೋರ್ಸ್ ಕಚೇರಿ ನಿನ್ನ ಫೈಲ್ ತೆರೆಯುತ್ತದೆ. ಸೇರುವಾಗ ಬರೆದ ಲಿಖಿತ ಪರೀಕ್ಷೆ ಆಸ್‌ವ್ಯಾಬ್‌ನ ಅಂಕ ಎರಡು ವರ್ಷ ನಡೆಯುತ್ತದೆ, ಮತ್ತೆ ಬರೆಯಬೇಕಿಲ್ಲ. ಆದರೆ ಆರೋಗ್ಯದ ವಿಷಯದಲ್ಲಿ ಒಂದು ದಳ ಕೊಟ್ಟ ವಿನಾಯಿತಿಯನ್ನು ಇನ್ನೊಂದು ಒಪ್ಪಬೇಕೆಂದಿಲ್ಲ. ಚಿಕ್ಕಂದಿನಲ್ಲಿ ಉಬ್ಬಸ ಇತ್ತು ಅಂದಿದ್ದೀಯಲ್ಲ, ಅದಕ್ಕೇ ಹೇಳಿದೆ.

ನಾನು ಕೊನೆಗೆ ನೇವಿಗೆ ಹೋದೆ, ಹಡಗಿನ ಅಡುಗೆ ವಿಭಾಗಕ್ಕೆ. ಲ್ಯಾಬ್ ಅಲ್ಲಿಯೂ ಸಿಗಲಿಲ್ಲ. ಆದರೆ ಈ ಸಲ ಹಾಳೆಯನ್ನು ಸಾಲು ಸಾಲಾಗಿ ಓದಿ, ಅಡುಗೆ ಅಂತ ಬರೆದಿರುವುದನ್ನು ಬೆರಳಿಟ್ಟು ನೋಡಿ, ಆಮೇಲೆ ಸಹಿ ಹಾಕಿದೆ. ಇಲಿನಾಯ್‌ನ ಗ್ರೇಟ್ ಲೇಕ್ಸ್‌ನಲ್ಲಿ ಇಳಿದ ರಾತ್ರಿ ಮನೆಗೆ ಒಂದೇ ಫೋನ್, ಅದೂ ಅವರು ಬರೆದುಕೊಟ್ಟ ಇಂಗ್ಲಿಷ್ ವಾಕ್ಯಗಳನ್ನು ಓದಿ ಇಟ್ಟುಬಿಡಬೇಕು. ಆ ಕಡೆ ಅಮ್ಮ "ಊಟ ಆಯ್ತಾ?" ಅಂದದ್ದು ಕೇಳಿಸಿತು, ಉತ್ತರ ಕೊಡಲಾಗಲಿಲ್ಲ. ಮೊದಲೇ ಹೇಳಿಟ್ಟಿದ್ದರೆ ಅವರು ಒಂದು ವಾರ ಊಟ ಬಿಡುತ್ತಿರಲಿಲ್ಲ. ನೀನು ನಿನ್ನ ಅಮ್ಮನಿಗೆ ಇವತ್ತೇ ಹೇಳಿಡು.

ಊರಿನ ವಿಷಯವೂ ಒಂದಿದೆ. ಪೌರತ್ವ ತೆಗೆದುಕೊಂಡ ಮೇಲೆ ಎಲ್ಲರ ಹಾಗೆ ಓಸಿಐ ಕಾರ್ಡ್ (ಭಾರತ ಮೂಲದವರು ವೀಸಾ ಇಲ್ಲದೆ ಊರಿಗೆ ಬಂದುಹೋಗಲು ಕೊಡುವ ಕಾರ್ಡ್) ಮಾಡಿಸಿ ಓಡಾಡಿಕೊಂಡಿರಬಹುದು ಅಂದುಕೊಂಡಿದ್ದೀಯ. ವಿದೇಶಿ ಸೈನ್ಯದಲ್ಲಿ ಇರುವವರಿಗೂ ಇದ್ದು ಬಂದವರಿಗೂ ಭಾರತ ಸರ್ಕಾರ ಓಸಿಐ ಕೊಡುವುದಿಲ್ಲ. ಯಾವ ದಳವಾದರೂ ಇದೇ. ನಾನು ತೀರ್ಥಹಳ್ಳಿಗೆ ಹೋಗುವುದು ಪ್ರತಿ ಸಲವೂ ವೀಸಾ ಮಾಡಿಸಿಕೊಂಡೇ. ಅಜ್ಜಿ ತೀರಿಕೊಂಡಾಗ ವೀಸಾ ಕೈಗೆ ಬರುವಷ್ಟರಲ್ಲಿ ಹನ್ನೊಂದನೇ ದಿನ ಕಳೆದಿತ್ತು. ನನಗೆ ಕೆಲಸದ ಬಗ್ಗೆ ಬೇಸರವಿಲ್ಲ, ಇದರ ಬಗ್ಗೆ ಇದೆ. ಹಾಸನದಲ್ಲಿ ನಿನಗೂ ಅಜ್ಜಿ ಇದ್ದಾರೆ ಅಂದಿದ್ದೀಯ. ಆರ್ಮಿಯೋ ಏರ್ ಫೋರ್ಸೋ ಅನ್ನುವುದಕ್ಕಿಂತ ಮೊದಲು ಮನೆಯವರೆಲ್ಲ ಕೂತು ಇದನ್ನು ಮಾತಾಡಿ.

ಒಂಬತ್ತು ವಾರ ಸಾಕಷ್ಟು ಸಮಯ. ಈ ಭಾನುವಾರ ನಿನ್ನ ಅನೆಕ್ಸ್ ಹಾಳೆ ತೆಗೆದು ಪೂರ್ತಿ ಓದು. ಕೆಲಸದ ಹೆಸರು, ಎಷ್ಟು ವರ್ಷ, ಬೋನಸ್ ಇದೆಯೋ ಇಲ್ಲವೋ, ಈ ಮೂರನ್ನೂ ಇಲ್ಲಿ ಬರೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಮಾತ್ರ ಯಾರಿಗೂ ಕೊಡಬೇಡ. ಅದನ್ನು ನೋಡಿ, ಬಿಡುವುದು ಒಳ್ಳೆಯದೋ ಅಲ್ಲೇ ಕೆಲಸ ಬದಲಿಸಿಕೊಳ್ಳುವುದು ಒಳ್ಳೆಯದೋ ನನಗೆ ತೋಚಿದ್ದನ್ನು ಹೇಳುತ್ತೇನೆ.