ಓದುಗರ ಪ್ರಶ್ನೆ, ನಮ್ಮ ಉತ್ತರ: ಅವಳಿ ಅಕ್ಕತಂಗಿಯರು ಮತ್ತು ಒಂದು ಕೊಲೆ

ದಾವಣಗೆರೆಯ ಪದವಿ ವಿದ್ಯಾರ್ಥಿನಿಯೊಬ್ಬರು ಹದಿಹರೆಯದವರಿಗಾಗಿ ಪತ್ತೇದಾರಿ ಕಾದಂಬರಿಯೊಂದನ್ನು ಬರೆಯುತ್ತಿದ್ದಾರೆ. ಅವರ ಕರಡನ್ನು ಓದಿದವರೂ ಪ್ರಶ್ನೆಗಳನ್ನು ಕಳಿಸಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಕಥೆಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಕಥೆಯಲ್ಲಿ 17 ವರ್ಷದ ಅವಳಿ ಅಕ್ಕತಂಗಿಯರಿದ್ದಾರೆ. ಚಿತ್ರದುರ್ಗದ ಕೋಟೆಯಲ್ಲಿರುವ ಅಕ್ಕತಂಗಿ ಹೊಂಡದಲ್ಲಿ ಒಬ್ಬಳ ಶವ ಸಿಗುತ್ತದೆ. ಸತ್ತವಳು ತಂಗಿಯೆಂದು ಊರೆಲ್ಲ ನಂಬುತ್ತದೆ. ನಿಜಕ್ಕೂ ಸತ್ತವಳು ಅಕ್ಕ. ತಂಗಿ ಅಕ್ಕನ ಹೆಸರಿನಲ್ಲಿ ಬದುಕುತ್ತಿದ್ದಾಳೆ. ಇದನ್ನು ಕೊನೆಯ ಅಧ್ಯಾಯದವರೆಗೆ ಮುಚ್ಚಿಡುವ ಆಸೆ ನನ್ನದು. ಪೊಲೀಸರು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮೂರನೇ ಅಧ್ಯಾಯದಲ್ಲೇ ಗುಟ್ಟು ರಟ್ಟಾಗುವುದಿಲ್ಲವೇ? (ಪದವಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಡಿಎನ್‌ಎಗೆ ನೀವು ಹೆದರಬೇಕಾಗಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ಪೊಲೀಸ್ ಪ್ರಕರಣಗಳಲ್ಲಿ ಸಾಮಾನ್ಯವಾಗಿ ನಡೆಯುವ ಡಿಎನ್‌ಎ ಪರೀಕ್ಷೆಯು ಬೇರೆ ಬೇರೆಯೆಂದು ತೋರಿಸಲಾರದು. ಅಂಥ ಅವಳಿಗಳ ನಡುವೆಯೂ ಸರಾಸರಿ ಐದರಷ್ಟು ಸಣ್ಣ ವ್ಯತ್ಯಾಸಗಳು ಭ್ರೂಣಾವಸ್ಥೆಯಲ್ಲೇ ಮೂಡುತ್ತವೆಂದು ಐಸ್‌ಲ್ಯಾಂಡಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅವುಗಳನ್ನು ಹುಡುಕಲು ಇಡೀ ವಂಶವಾಹಿಯನ್ನೇ ಓದಬೇಕಾಗುತ್ತದೆ, ಅದು ದಿನನಿತ್ಯದ ತನಿಖೆಯ ಕೆಲಸವಲ್ಲ. ನಿಮ್ಮ ಕಥೆಗೆ ನಿಜವಾದ ಅಡ್ಡಿ ಬೆರಳಚ್ಚು. ಗರ್ಭದಲ್ಲಿ ಮೂರನೇ ತಿಂಗಳ ಹೊತ್ತಿಗೆ ಮೂಡತೊಡಗುವ ಬೆರಳಿನ ಗೆರೆಗಳ ಮೇಲೆ ಅಲ್ಲಿಯ ಒತ್ತಡ, ಗರ್ಭಜಲ, ಬೆಳವಣಿಗೆಯ ವೇಗ ಇವೆಲ್ಲ ಪರಿಣಾಮ ಬೀರುವುದರಿಂದ ಅವಳಿಗಳ ಬೆರಳಚ್ಚುಗಳೂ ಬೇರೆಬೇರೆಯಾಗಿಯೇ ಇರುತ್ತವೆ.

ಹಾಗಿದ್ದರೂ ಬೆರಳಚ್ಚು ಹೇಳುವುದು ಎಷ್ಟು ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ. ಸತ್ತವಳ ಬೆರಳು ಒಂದು, ಬದುಕಿರುವವಳ ಬೆರಳು ಇನ್ನೊಂದು ಎಂದಷ್ಟೇ ಅದು ಹೇಳುತ್ತದೆ. ಯಾವ ಬೆರಳು ಯಾವ ಹೆಸರಿನದು ಎಂದು ಹೇಳುವುದಿಲ್ಲ. ಒಂದೇ ಕೋಣೆಯಲ್ಲಿ ಬೆಳೆದ ಅಕ್ಕತಂಗಿಯರ ಕನ್ನಡಿ, ಬಾಚಣಿಗೆ, ಸ್ಟೀಲ್ ಡಬ್ಬಿ, ಎಲ್ಲದರ ಮೇಲೂ ಇಬ್ಬರ ಬೆರಳುಗಳೂ ಇರುತ್ತವೆ. ತಜ್ಞರು ನೋಟ್‌ಬುಕ್ಕಿನ ಹಾಳೆಗೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕವನ್ನು ಸವರಿದರೆ ಬೆವರಿನ ಅಂಶ ತಗುಲಿದ ಕಡೆಯಲ್ಲೆಲ್ಲ ನೇರಳೆ ಬಣ್ಣದ ಗುರುತುಗಳು ಏಳುತ್ತವೆ. ಅಕ್ಕನ ಹೆಸರು ಬರೆದ ನೋಟ್‌ಬುಕ್ಕಿನಲ್ಲಿ ತಂಗಿಯ ಹೆಬ್ಬೆರಳೂ ಎದ್ದು ಬಂದರೆ ಯಾರಿಗೂ ಆಶ್ಚರ್ಯವಾಗಬೇಕಿಲ್ಲ.

ಹಾಗಾದರೆ ಶವಕ್ಕೆ ಹೆಸರನ್ನು ಕೊಡುವವರು ಯಾರು? ಮನೆಯವರು. ಅಸಹಜ ಸಾವಿನ ಪ್ರಕರಣ ದಾಖಲಾದ ಮೇಲೆ ಪೊಲೀಸರು ಪಂಚರ ಸಮ್ಮುಖದಲ್ಲಿ ಶವದ ಮಹಜರು ಮಾಡುತ್ತಾರೆ; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಇದಕ್ಕೆ ಆಧಾರ. ಹತ್ತಿರದ ಸಂಬಂಧಿ ಮುಖ ನೋಡಿ ಹೇಳಿದ ಹೆಸರು ಅಲ್ಲಿಂದ ಮರಣೋತ್ತರ ವರದಿಗೆ, ಮರಣ ಪ್ರಮಾಣಪತ್ರಕ್ಕೆ ಸಾಗುತ್ತದೆ. ನಿಮ್ಮ ಕರಡಿನಲ್ಲಿ ಆ ಸಂಬಂಧಿ ಹುಡುಗಿಯರ ತಾಯಿ. ಅವಳಿಗೆ ಗುರುತು ಸಿಗಲಿಲ್ಲವೆಂದು ನೀವು ಬರೆದಿದ್ದೀರಿ. 17 ವರ್ಷ ತಲೆ ಬಾಚಿ ಜಡೆ ಹಾಕಿದವಳಿಗೆ ಯಾವ ತಲೆಯಲ್ಲಿ ಸುಳಿ ಎಲ್ಲಿದೆಯೆಂದು ಗೊತ್ತಿಲ್ಲವೆಂದರೆ ನಮಗೆ ನಂಬಿಕೆ ಬರಲಿಲ್ಲ. ತಾಯಿಗೆ ಆ ಕ್ಷಣದಲ್ಲೇ ಗೊತ್ತಾಗಿದೆ, ಗೊತ್ತಿದ್ದೂ ಅವಳು ತಪ್ಪು ಹೆಸರನ್ನು ಹೇಳಿದ್ದಾಳೆ ಎಂದು ಬದಲಾಯಿಸಿಕೊಂಡು ನೋಡಿ. ಕೊಂದವನು ತಂಗಿಯೆಂದುಕೊಂಡು ಅಕ್ಕನನ್ನು ಕೊಂದಿದ್ದಾನೆ. ತನ್ನ ಕೆಲಸ ಮುಗಿಯಿತೆಂದು ಅವನು ನಂಬಿರುವವರೆಗೆ ಉಳಿದ ಮಗಳು ಸುರಕ್ಷಿತ. ಹೆಸರಿನ ಅದಲುಬದಲು ಆಗ ಹುಡುಗಿಯ ಕಿತಾಪತಿಯಾಗಿ ಉಳಿಯದೆ ತಾಯಿಯ ನಿರ್ಧಾರವಾಗುತ್ತದೆ, ಅದರ ಭಾರ ಹೊರಬೇಕಾದವಳು ಮಗಳಾಗುತ್ತಾಳೆ.

ಆ ಭಾರವನ್ನು ದಿನದಿನದ ಸಂಗತಿಗಳಲ್ಲಿ ತೋರಿಸಿ. ಕರಡಿನಲ್ಲಿ ಇಬ್ಬರೂ ಪಿಯುಸಿಯಲ್ಲಿ ವಿಜ್ಞಾನವನ್ನೇ ಓದುತ್ತಾರೆ. ದಯವಿಟ್ಟು ತಂಗಿಯನ್ನು ವಾಣಿಜ್ಯ ವಿಭಾಗಕ್ಕೆ ಸೇರಿಸಿ. ಜರ್ನಲ್ ಎಂಟ್ರಿ, ಲೆಡ್ಜರ್‌ಗಳನ್ನು ಕಣ್ಣುಮುಚ್ಚಿ ಬರೆಯಬಲ್ಲ ಹುಡುಗಿ ಅಕ್ಕನ ಜಾಗದಲ್ಲಿ ಕುಳಿತು ಕಾರ್ಬನಿಕ ರಸಾಯನಶಾಸ್ತ್ರದ ಕಿರುಪರೀಕ್ಷೆ ಬರೆಯಬೇಕು. ಅವಳ ಅಂಕಗಳು ಕುಸಿದಾಗ ಉಪನ್ಯಾಸಕರು ದುಃಖವೇ ಕಾರಣವೆಂದುಕೊಂಡು ಕನಿಕರ ತೋರಿಸುತ್ತಾರೆ. ಆ ಕನಿಕರವೂ ಅವಳಿಗೆ ಸೇರಬೇಕಾದ್ದಲ್ಲ.

ಈಗ ಸಾಕ್ಷ್ಯದ ಮಾತು. ಬೆರಳಿಗೂ ಹೆಸರಿಗೂ ಗಂಟುಹಾಕಿದ ದಾಖಲೆಯೊಂದು ಇದ್ದೇ ಇದೆ, ಅದು ಆಧಾರ್. ಮಕ್ಕಳಿಗೆ 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಮತ್ತೊಮ್ಮೆ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ವಿವರಗಳನ್ನು ಕೊಡಬೇಕು. ಆದರೆ 2016ರ ಆಧಾರ್ ಕಾಯ್ದೆಯ 29ನೇ ಕಲಂ ಪ್ರಕಾರ ಆ ವಿವರಗಳನ್ನು ಯಾರೊಂದಿಗೂ ಹಂಚಿಕೊಳ್ಳುವಂತಿಲ್ಲವಾದ್ದರಿಂದ ಇನ್‌ಸ್ಪೆಕ್ಟರ್ ಪತ್ರ ಬರೆದು ತರಿಸಿಕೊಂಡರು ಎಂದು ಬರೆದರೆ ತಿಳಿದವರು ನಕ್ಕುಬಿಡುತ್ತಾರೆ. ಪೊಲೀಸರಿಗೆ ಮುಚ್ಚಿರುವ ಆ ಬಾಗಿಲು ನ್ಯಾಯಬೆಲೆ ಅಂಗಡಿಯಲ್ಲಿ ಮಾತ್ರ ತಿಂಗಳಿಗೊಮ್ಮೆ ಒಂದಿಷ್ಟು ತೆರೆದುಕೊಳ್ಳುತ್ತದೆ. ಪಡಿತರ ಚೀಟಿಯಲ್ಲಿರುವ ಸದಸ್ಯರಲ್ಲಿ ಯಾರು ಬಂದಿದ್ದಾರೋ ಅವರ ಹೆಸರನ್ನು ಅಂಗಡಿಯವನು ಯಂತ್ರದಲ್ಲಿ ಆರಿಸುತ್ತಾನೆ, ಬಂದವರು ಹೆಬ್ಬೆಟ್ಟು ಒತ್ತುತ್ತಾರೆ. ಅಜ್ಜಿಯ ಜೊತೆ ಚೀಲ ಹಿಡಿದು ಬಂದ ಹುಡುಗಿಯ ಮುಂದೆ ಅವನು ಅಕ್ಕನ ಹೆಸರನ್ನು ಆರಿಸಲಿ, ಯಂತ್ರ ಒಪ್ಪದಿರಲಿ. ಸೆರಗಿಗೆ ಬೆರಳು ಒರೆಸಿಕೋ ಎಂದು ಅಜ್ಜಿ ಹೇಳಲಿ, ಸರ್ವರ್ ಸರಿಯಿಲ್ಲವೆಂದು ಅವನು ಗೊಣಗಲಿ. ಸಾಲಿನಲ್ಲಿ ನಿಂತವರಿಗೆ ಬೆರಳು ಹಿಡಿಯದಿರುವುದು ಹೊಸದಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿನ ಮುಂದೆ ದುಡಿಯುವವರ ಬೆರಳು ಸವೆದಿರುತ್ತದೆ. ಇನ್ನೊಂದು ತಿಂಗಳು, ಅವಸರದಲ್ಲಿ ಅವನ ಬೆರಳು ಕೆಳಗಿನ ಸಾಲಿಗೆ ಜಾರಿ, ಇನ್ನೂ ತೆಗೆದುಹಾಕದ ಸತ್ತವಳ ಹೆಸರಿನ ಮೇಲೆ ಬೀಳಲಿ. ಆಗ ಅದೇ ಹೆಬ್ಬೆಟ್ಟಿಗೆ ಯಂತ್ರ ತಟ್ಟನೆ ಒಪ್ಪಿ ಚೀಟಿ ಮುದ್ರಿಸಲಿ. ಪ್ರಯೋಗಾಲಯದ ಹತ್ತು ಪುಟಗಳ ವರದಿಗಿಂತ ಆ ಚೀಟಿ ನಿಮ್ಮ ಕಥೆಗೆ ಹೆಚ್ಚು ಬೇಕಾದದ್ದು.

ಈ ದೃಶ್ಯವನ್ನು ಕೊನೆಗೆ ಇಡಬೇಡಿ, ಪುಸ್ತಕದ ನಡುವಿಗೆ ತನ್ನಿ. ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಹಾಕಿಕೊಟ್ಟ ಹತ್ತು ನಿಯಮಗಳಲ್ಲಿ ಕೊನೆಯದು, ಓದುಗರನ್ನು ಮೊದಲೇ ಅಣಿಗೊಳಿಸದೆ ಅವಳಿಗಳನ್ನು ತರಬಾರದು ಎನ್ನುತ್ತದೆ. ನೀವು ಅಣಿಗೊಳಿಸಿದ್ದೀರಿ ನಿಜ, ಆದರೆ ಅಲ್ಲಿಯೇ ತೊಡಕೂ ಇದೆ: ಮುಖಪುಟದಲ್ಲಿ ಅವಳಿಗಳನ್ನು ಕಂಡ ಓದುಗ ಮೊದಲ ಪುಟದಿಂದಲೇ ಅದಲುಬದಲನ್ನು ಶಂಕಿಸುತ್ತಾನೆ. ಅವನು ಊಹಿಸಿದ್ದನ್ನು ಅರ್ಧದಲ್ಲೇ ಅವನ ಕೈಗೆ ಕೊಟ್ಟುಬಿಡಿ. ತಾಯಿ ಹಾಗೆ ಹೇಳಿದ್ದೇಕೆ, ಅವಳು ಹೆದರಿದ್ದು ಯಾರಿಗೆ ಎಂಬ ಪ್ರಶ್ನೆಗಳು ಉಳಿದ ಅರ್ಧವನ್ನು ಹೊರಬಲ್ಲವು.

ಪ್ರಶ್ನೆ: ಕಥೆಯಲ್ಲಿ ಕೋಟೆಯ ಬಳಕೆ ಸರಿಯಾಗಿದೆಯೇ? (ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಅವಳಿ ಹುಡುಗಿಯ ಶವ ಅಕ್ಕತಂಗಿ ಹೊಂಡದಲ್ಲೇ ಸಿಗುವುದು ತೀರಾ ಹೇಳಿ ಮಾಡಿಸಿದಂತಿದೆ. ಗೋಪಾಲಸ್ವಾಮಿ ಹೊಂಡದ ನೀರು ಹರಿದು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಇಳಿಯುವ ಏರ್ಪಾಡು ಕೋಟೆಯಲ್ಲಿದೆ. ಕೊನೆಗೆ ಊರೊಳಗಿನ ಸಂತೆ ಹೊಂಡ. ಹುಡುಗಿಯರು ಚಿಕ್ಕವರಿದ್ದಾಗ ಅಕ್ಕತಂಗಿ ಹೊಂಡದ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಮನೆಯ ಗೋಡೆಯ ಮೇಲಿರಲಿ, ಶವ ಬೇರೆಡೆ ಸಿಗಲಿ. ಇನ್ನೊಂದು ಮಾತು: ಕೊಲೆಗಾರನನ್ನು ಒನಕೆ ಓಬವ್ವನ ಕಿಂಡಿಯಲ್ಲಿ ನುಸುಳಿಸಬೇಡಿ. ಕೋಟೆಯ ಬಗ್ಗೆ ಬರೆಯುವವರೆಲ್ಲ ಅಲ್ಲಿಗೇ ಹೋಗುತ್ತಾರೆ.

ಎರಡು ಊರುಗಳ ನಡುವಿನ ಸುಮಾರು 60 ಕಿಲೋಮೀಟರ್ ದೂರವನ್ನು ಕರಡು ಬಳಸಿಕೊಂಡಿಲ್ಲ. ದಾವಣಗೆರೆ 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯಾಯಿತು; ಹುಡುಗಿ ಕಾಣೆಯಾದ ದೂರು ಒಂದು ಜಿಲ್ಲೆಯ ಠಾಣೆಯಲ್ಲಿ, ಶವ ಸಿಕ್ಕಿದ್ದು ಇನ್ನೊಂದು ಜಿಲ್ಲೆಯಲ್ಲಿ. ದೂರಿನಲ್ಲಿ ಕಾಣೆಯಾದವಳೆಂದು ಬರೆಸಿದ ಹೆಸರಿಗೂ ಮಹಜರಿನಲ್ಲಿ ಬರೆಸಿದ ಹೆಸರಿಗೂ ವ್ಯತ್ಯಾಸವಿದ್ದರೆ ಅದನ್ನು ಮೊದಲು ಗಮನಿಸುವವನು ಎರಡೂ ಕಡತಗಳನ್ನು ಕೈಯಲ್ಲಿ ಹಿಡಿದವನು, ಅಂಥವನು ಬರಲು ತಡವಾಗುತ್ತದೆ.

ಬೆಣ್ಣೆದೋಸೆಯ ಬಗ್ಗೆಯೂ ಹೇಳಿಬಿಡುತ್ತೇವೆ. ಕರಡಿನಲ್ಲಿ ಹುಡುಗಿಯರು ಅಧ್ಯಾಯಕ್ಕೊಂದರಂತೆ ತಿನ್ನುತ್ತಾರೆ. ಊರು ದಾವಣಗೆರೆಯೆಂದು ಗೊತ್ತಾಗಲು ಅಷ್ಟು ಬೆಣ್ಣೆ ಬೇಕಿಲ್ಲ. ಒಂದೇ ಸಲ ತಿನ್ನಲಿ, ಆದರೆ ಆ ಹೋಟೆಲಿನ ಮಾಣಿ ಕೇಳದೆಯೇ ಒಬ್ಬಳ ಮುಂದೆ ಬೆಣ್ಣೆದೋಸೆಯನ್ನೂ ಇನ್ನೊಬ್ಬಳ ಮುಂದೆ ಖಾಲಿ ದೋಸೆಯನ್ನೂ ಇಡುವವನಾಗಿರಲಿ. ಸಾವಿನ ನಂತರ ಒಬ್ಬಳೇ ಬಂದು ಕುಳಿತಾಗ ಅವನು ಖಾಲಿ ದೋಸೆ ತಂದಿಡುತ್ತಾನೆ, ಅವಳು ಬೇಡವೆಂದು ಬೆಣ್ಣೆದೋಸೆ ಕೇಳುತ್ತಾಳೆ.

ಪ್ರಶ್ನೆ: ಹದಿನೈದು ಹದಿನಾರರ ಮಕ್ಕಳಿಗೆ ಕೊಲೆಯ ಕಥೆ ಬೇಕೇ? (ಗೃಹಿಣಿ, ಹರಿಹರ)

ಉತ್ತರ: ಆ ವಯಸ್ಸಿನವರು ಕೊಲೆಯ ಸುದ್ದಿಯನ್ನು ಮೊಬೈಲಿನಲ್ಲಿ ದಿನವೂ ನೋಡುತ್ತಾರೆ, ತಾಯಿ. ಅವರಿಗೆ ಬರೆದ ಪುಸ್ತಕಗಳೇ ನಮ್ಮಲ್ಲಿ ಕಡಿಮೆ. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನೂ ಮರುವರ್ಷದಿಂದ ಯುವ ಪುರಸ್ಕಾರವನ್ನೂ ಕೊಡುತ್ತಿದೆ, ಆದರೆ ಎರಡನೆಯದರಲ್ಲಿ ಯುವಕರಾಗಿರಬೇಕಾದವರು ಬರೆಯುವವರು, ಓದುವವರಲ್ಲ. ಗಾಯದ ವರ್ಣನೆ ಬೇಡ, ಕೊಲೆಗಾರನ ಜಾಣತನವನ್ನು ಮೆರೆಸುವುದೂ ಬೇಡ ಎಂದು ಲೇಖಕಿಗೆ ಹೇಳಿದ್ದೇವೆ.

ಪ್ರಶ್ನೆ: ಕಥೆಯಲ್ಲಿ ಪತ್ತೇದಾರಿಕೆ ಮಾಡುವವಳು 16 ವರ್ಷದ ಗೆಳತಿ. ಅವಳನ್ನು ಪೊಲೀಸರು ಠಾಣೆಗೆ ಕರೆಸಿ ಇಡೀ ರಾತ್ರಿ ಕೂರಿಸುವ ದೃಶ್ಯವಿದೆ. ಹಾಗೆ ಮಾಡಬಹುದೇ? (ಲೇಖಕಿಯ ಸಹಪಾಠಿ, ದಾವಣಗೆರೆ)

ಉತ್ತರ: ಕಾನೂನಿನ ಪ್ರಕಾರ ಕೂಡದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಸಾಕ್ಷಿಯಾಗಿರುವ ಹೆಣ್ಣುಮಕ್ಕಳನ್ನು ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ವಿಚಾರಿಸಬೇಕಾದವರೇ ಮನೆಗೆ ಬರಬೇಕು. ದೃಶ್ಯವನ್ನು ಮನೆಯ ಪಡಸಾಲೆಗೆ ತನ್ನಿ. ಅಪ್ಪ ಬಾಗಿಲ ಬಳಿ ನಿಂತಿರುವಾಗ, ಅಮ್ಮ ಚಹಾ ತಂದಿಡುವಾಗ, ಗೆಳತಿಯ ಗುಟ್ಟನ್ನು ಬಿಟ್ಟುಕೊಡದೆ ಉತ್ತರಿಸುವುದು ಠಾಣೆಯ ಬೆಂಚಿನ ಮೇಲೆ ಉತ್ತರಿಸುವುದಕ್ಕಿಂತ ಕಷ್ಟ.

ಕರಡಿನಲ್ಲಿ ಪತ್ರಿಕೆಗಳು ಸತ್ತ ಹುಡುಗಿಯ ಹೆಸರು, ಫೋಟೊ ಎರಡನ್ನೂ ಮುಖಪುಟದಲ್ಲಿ ಹಾಕುತ್ತವೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ, 18 ತುಂಬದ ಮಕ್ಕಳ ಗುರುತನ್ನು ಪ್ರಕಟಿಸಬಾರದೆನ್ನುತ್ತದೆ. ವರದಿಯ ಕೆಳಗೆ ‘ಹೆಸರು ಬದಲಿಸಲಾಗಿದೆ’ ಎಂದು ಅಚ್ಚಾಗಲಿ. ಅದನ್ನು ಓದಿ ಆ ಮನೆಯ ಇಬ್ಬರಿಗೆ ಮಾತ್ರ ಎದೆ ಧಸಕ್ಕೆನ್ನಲಿ. ಕೊಂದವನಿಗೆ ಹೆಸರು ತಿಳಿಯಬೇಕಾದರೆ ಸಾವಿನ ಮನೆಗೆ ಬಂದು ಹೋದವರ ಬಾಯಿಂದಲೇ ತಿಳಿಯಬೇಕು, ಆದ್ದರಿಂದ ಅವನು ಆ ಬಳಗದಲ್ಲೇ ಇರುವವನು ಎಂಬ ಸುಳಿವೂ ನಿಮಗೆ ಸಿಗುತ್ತದೆ.

ಬದುಕಿರುವವಳು ದುಃಖದಲ್ಲಿ ಬಾಯಿತಪ್ಪಿ ‘ಅಕ್ಕಾ’ ಎಂದು ಕೂಗುವ ಸುಳಿವನ್ನು ನೀವು ಸೂಚಿಸಿದ್ದೀರಿ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಬಿಟ್ಟುಬಿಡಿ.

ಪ್ರಶ್ನೆ: ಶವಸಂಸ್ಕಾರ ಮುಗಿದ ಮೇಲೆ ಅನುಮಾನ ಬಂದರೆ ಮತ್ತೆ ಪರೀಕ್ಷಿಸುವ ದಾರಿ ಇದೆಯೇ? (ಮೊದಲ ಪ್ರಶ್ನೆಯ ಲೇಖಕಿ)

ಉತ್ತರ: ಅದು ಸಂಸ್ಕಾರದ ರೀತಿಯನ್ನು ಅವಲಂಬಿಸಿದೆ. ದಹನ ಮಾಡಿಸಿದರೆ ದಾರಿ ಹೆಚ್ಚುಕಡಿಮೆ ಮುಚ್ಚಿತು. ನಮ್ಮ ಭಾಗದ ಲಿಂಗಾಯತ ಕುಟುಂಬಗಳಲ್ಲಿರುವಂತೆ ಮಣ್ಣು ಮಾಡುವ ಪದ್ಧತಿಯಿದ್ದರೆ, ಮ್ಯಾಜಿಸ್ಟ್ರೇಟರ ಆದೇಶದ ಮೇರೆಗೆ ಶವವನ್ನು ಹೊರತೆಗೆಸಿ ಪರೀಕ್ಷಿಸಲು ಕಾನೂನಿನಲ್ಲಿ ಅವಕಾಶವಿದೆ. ಆ ಕುಟುಂಬ ಯಾವುದೆಂದು ಮೊದಲ ಅಧ್ಯಾಯ ಬರೆಯುವ ಮೊದಲೇ ತೀರ್ಮಾನಿಸಿ. ತಿಂಗಳುಗಳು ಕಳೆದಿದ್ದರೆ ಬೆರಳಿನ ಗೆರೆಗಳನ್ನು ನಂಬಿಕೊಳ್ಳಬೇಡಿ; ಹಲ್ಲು ಉಳಿದಿರುತ್ತದೆ. ಅವಳಿಗಳ ಹಲ್ಲಿನ ಆಕಾರ ಹೋಲಬಹುದಾದರೂ ಹುಳುಕು, ತುಂಬಿಸಿದ ಹಲ್ಲು, ಕೀಳಿಸಿದ ಹಲ್ಲು ಒಬ್ಬೊಬ್ಬರಿಗೆ ಒಂದೊಂದು ರೀತಿ. ದಂತವೈದ್ಯ ಕಾಲೇಜುಗಳಿರುವ ಊರಿನಲ್ಲಿ ಹುಡುಗಿಯೊಬ್ಬಳು ಹೊರರೋಗಿಯಾಗಿ ಹೋಗಿ ಹಲ್ಲು ತುಂಬಿಸಿಕೊಂಡಿದ್ದಾಳೆಂದರೆ ಯಾರೂ ಅನುಮಾನಿಸುವುದಿಲ್ಲ. ಆ ಎಕ್ಸ್‌ರೇ ತನಿಖೆಗೆ ಒದಗಲಿ. ಆದರೆ ಅಂದು ತನ್ನ ಚೀಟಿ ಮನೆಯಲ್ಲೇ ಮರೆತ ತಂಗಿ ಅಕ್ಕನ ಚೀಟಿಯಲ್ಲೇ ಚಿಕಿತ್ಸೆ ಪಡೆದಿದ್ದಳೆಂದು ಇಟ್ಟುಕೊಂಡರೆ, ಹಲ್ಲಿನ ದಾಖಲೆ ತಾಯಿಯ ಸುಳ್ಳನ್ನೇ ಎತ್ತಿಹಿಡಿಯುತ್ತದೆ. ಆಗ ತನಿಖಾಧಿಕಾರಿಗೆ ಪಡಿತರ ಅಂಗಡಿಯವನ ಬಳಿಗೆ ಹೋಗದೆ ಬೇರೆ ದಾರಿ ಇರುವುದಿಲ್ಲ.