ನೀವು ಕೇಳಿದಿರಿ: ಅಲೆಪ್ಪಿಯ ಕಾಲುವೆ, ಅರಸೀಕೆರೆಯ ಕಾಯಿಮಟ್ಟೆ

ಪ್ರಶ್ನೆ: ನಮ್ಮ ಹೇಮಾವತಿ ನಾಲೆ ಗದ್ದೆಗೆ ನೀರುಣಿಸುತ್ತದೆ. ಕೇರಳದ ಅಲೆಪ್ಪಿಯಲ್ಲಿ ಊರ ನಡುವೆಯೇ ಎರಡು ಕಾಲುವೆ ಇವೆ, ಪಕ್ಕದಲ್ಲಿ ಗದ್ದೆಯೇ ಇಲ್ಲ. ಯಾತಕ್ಕೆ ತೋಡಿದ್ದು?
– ಓದುಗರು, ಹಾಸನ

ಉತ್ತರ: ಸರಕಿಗೆ. 18ನೇ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರ ಮುತುವರ್ಜಿಯಲ್ಲಿ ಅಲ್ಲಿ ಬಂದರು ಬೆಳೆಯಿತು. ಪೂರ್ವದ ಹಿನ್ನೀರಿನಿಂದ ಕಡಲ ಕಡೆಗೆ ತೋಡಿದವು ವಾಡೈ ಮತ್ತು ಕಮರ್ಷಿಯಲ್ ಕಾಲುವೆಗಳು. ಬೆಟ್ಟದ ಮೆಣಸು, ಏಲಕ್ಕಿ ದೋಣಿಯಲ್ಲಿ ಬಂದು ದಂಡೆಯ ಮಳಿಗೆಗೇ ಇಳಿಯುತ್ತಿತ್ತು. ತೊಡಕಿದ್ದದ್ದು ಕಡಲಲ್ಲಿ: ಹಡಗು ದಡಕ್ಕೆ ಬಾರದೆ ದೂರದಲ್ಲೇ ಲಂಗರು ಹಾಕುತ್ತಿತ್ತು. 1862ರಲ್ಲಿ ಕಡಲೊಳಕ್ಕೆ ಚಾಚಿದ ಸೇತುವೆ ಕಟ್ಟಿದ ಮೇಲೂ ಮೂಟೆ ಮೊದಲು ಸಣ್ಣ ದೋಣಿಗೆ, ಆಮೇಲೆ ಹಡಗಿಗೆ. ಎರಡೆರಡು ಸಲ ಹೇರುವ ಕೂಲಿ. 1928ರಲ್ಲಿ ಕೊಚ್ಚಿ ಅಳಿವೆಯ ಮರಳುದಿಬ್ಬ ಕಡಿದು ಹಡಗು ಒಳಬಂದರಿಗೇ ಬರತೊಡಗಿದ ಮೇಲೆ ಆ ಖರ್ಚನ್ನು ಯಾವ ವರ್ತಕ ಹೊರುತ್ತಾನೆ? ಬಂದರು ಸೊರಗಿತು, 1859ರಲ್ಲಿ ಜೇಮ್ಸ್ ಡ್ಯಾರಾ ಶುರುಮಾಡಿದ ನಾರುಚಾಪೆಯ ಉದ್ಯಮ ಉಳಿಯಿತು.

ಪ್ರಶ್ನೆ: ಅಲೆಪ್ಪಿಯ ಹೊಂಬಣ್ಣದ ನಾರು ನಮ್ಮ ಮಟ್ಟೆಯಲ್ಲಿ ಯಾಕೆ ಬರುವುದಿಲ್ಲ? ಕೆರೆಯಲ್ಲಿ ನೆನೆಹಾಕಿದರೆ ಆದೀತೆ?
– ಓದುಗರು, ಅರಸೀಕೆರೆ

ಉತ್ತರ: ಕಾಯಿಯ ಬಲಿತ ಮಟ್ಟದಲ್ಲೇ ವ್ಯತ್ಯಾಸವಿದೆ. ಅವರದು 10–11 ತಿಂಗಳ ಕಾಯಿಯ ಹಸಿ ಮಟ್ಟೆ. ಬಲೆಯಲ್ಲಿ ಕಟ್ಟಿ, ಮೇಲೆ ಗರಿ, ಕೆಸರು ಹೇರಿ ಉಪ್ಪು ಹಿನ್ನೀರಿನಲ್ಲಿ 6ರಿಂದ 10 ತಿಂಗಳು ಮುಳುಗಿಸುತ್ತಾರೆ. ಎಳೆಗಳನ್ನು ಹಿಡಿದಿರುವ ಪೆಕ್ಟಿನ್ ಅಂಟನ್ನು ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ, ಕಂದು ಒಗರನ್ನು ಉಬ್ಬರವಿಳಿತದ ನೀರು ತೊಳೆದು ಒಯ್ಯುತ್ತದೆ. ಆಮೇಲೆ ಮರದ ಕೊಡತಿಯಲ್ಲಿ ಬಡಿದರೆ ಎಳೆ ತಾನೇ ಬಿಡುತ್ತದೆ.

ನಿಮ್ಮದು ಕೊಬ್ಬರಿ ಸೀಮೆ. ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಕೂರುವಷ್ಟರಲ್ಲಿ ಮಟ್ಟೆ ಒಣಗಿ ಬಣ್ಣ ಕಚ್ಚಿರುತ್ತದೆ. ಅದಕ್ಕೆ ಯಂತ್ರವೇ ಸರಿ. ಹಾಸಿಗೆ, ಬ್ರಷ್‌ಗೆ ಬೇಕಾಗುವುದೂ ಆ ಗಡಸು ಕಂದು ನಾರೇ; ಬಣ್ಣಕ್ಕಾಗಿ ಕೊರಗಬೇಕಿಲ್ಲ.

ಕೆರೆಯಲ್ಲಂತೂ ಬೇಡವೇ ಬೇಡ. ನಿಂತ ನೀರಿನಲ್ಲಿ ಒಗರು ಅಲ್ಲೇ ಉಳಿದು ನೀರು ಕಪ್ಪಾಗುತ್ತದೆ, ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಮೀನು ಸಾಯುತ್ತವೆ. ಯಂತ್ರಕ್ಕೆ ಮೊದಲು ಮಟ್ಟೆ ಮೆತ್ತಗಾಗಬೇಕಿದ್ದರೆ ಸಿಮೆಂಟ್ ತೊಟ್ಟಿ ಕಟ್ಟಿಸಿ, ಆ ನೀರನ್ನು ಕೆರೆಗೆ ಬಿಡಬೇಡಿ. ಉಳಿಯುವ ಪುಡಿಯನ್ನೂ ಹಸಿಯಾಗಿ ಗಿಡದ ಬುಡಕ್ಕೆ ಸುರಿಯಬೇಡಿ, ಮಣ್ಣಿನ ಸಾರಜನಕವನ್ನು ಅದೇ ಹೀರಿಕೊಂಡು ಗಿಡ ಹಳದಿಯಾಗುತ್ತದೆ.